ಪಾಸ್‌ಬುಕ್ ಮಾತ್ರ ಇಟ್ಟುಕೊಂಡರೆ ಅಪ್ಪನ ಹಣ ಸುರಕ್ಷಿತವೇ?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನಲ್ಲಿ ಸಣ್ಣ ಕಾಫಿ ತೋಟ, ಜೊತೆಗೆ ಎರಡು ಕೋಣೆಗಳ ಹೋಂಸ್ಟೇ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ತಂದೆಗೆ 71 ವರ್ಷ, ಕೀಪ್ಯಾಡ್ ಮೊಬೈಲ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಕಾಫಿ, ಮೆಣಸು ಮಾರಿದ ಹಣ ಮತ್ತು ಠೇವಣಿ ಎಲ್ಲವೂ ಅವರ ಒಂದೇ ಬ್ಯಾಂಕಿನಲ್ಲಿದೆ. ಹೋಂಸ್ಟೇಯ ಹಣವನ್ನು ತಾಯಿ ತಮ್ಮ ಸ್ಮಾರ್ಟ್‌ಫೋನ್‌ನ ಯುಪಿಐ ಮೂಲಕ ಪಡೆಯುತ್ತಾರೆ. ಈಚೆಗೆ ನಮ್ಮ ನೆರೆಯವರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ‘ಬೆಳೆ ಪರಿಹಾರ ಪಟ್ಟಿ’ ಎಂಬ ಕಡತವನ್ನು ತೆರೆದು, ರಾತ್ರಿ ಕಳೆಯುವಷ್ಟರಲ್ಲಿ ಖಾತೆಯ ಹಣವನ್ನೆಲ್ಲ ಕಳೆದುಕೊಂಡರು. ‘ಒಟಿಪಿ ಕೊಟ್ಟಿದ್ದು ನೀವೇ, ನಮ್ಮ ಜವಾಬ್ದಾರಿಯಲ್ಲ’ ಎಂದು ಬ್ಯಾಂಕಿನವರು ಕೈತೊಳೆದುಕೊಂಡರಂತೆ. ಅದನ್ನು ಕಂಡ ಮೇಲೆ ತಂದೆ ‘ನನಗೆ ಪಾಸ್‌ಬುಕ್ ಸಾಕು, ಆ ಯಾವ ಆ್ಯಪೂ ಬೇಡ’ ಎನ್ನುತ್ತಿದ್ದಾರೆ. ಅವರು ಹೇಳುವುದು ಸರಿಯೇ?

ಉತ್ತರ: ನಿಮ್ಮ ತಂದೆಯವರ ಭಯ ಸರಿ, ಪರಿಹಾರ ಸರಿಯಿಲ್ಲ. ಪಾಸ್‌ಬುಕ್ ಕಪಾಟಿನಲ್ಲಿ ಭದ್ರವಾಗಿಯೇ ಇರಬಹುದು. ಆದರೆ ಅವರ ಖಾತೆಗೆ ಆಧಾರ್ ಜೋಡಣೆಯಾಗಿದೆ, ಮೊಬೈಲ್ ಸಂಖ್ಯೆ ಜೋಡಣೆಯಾಗಿದೆ, ಬಹುಶಃ ಎಂದೋ ಅಂಚೆಯಲ್ಲಿ ಬಂದ ಎಟಿಎಂ ಕಾರ್ಡ್ ಲಕೋಟೆಯ ಸಮೇತ ಮೇಜಿನ ಡ್ರಾಯರಿನಲ್ಲಿದೆ. ಈ ಮೂರೂ ಹಣಕ್ಕೆ ಇರುವ ದಾರಿಗಳು. ಅವರು ಅವನ್ನು ಬಳಸುತ್ತಿಲ್ಲ ಎಂದ ಮಾತ್ರಕ್ಕೆ ಬೇರೆಯವರಿಗೆ ಅವು ಮುಚ್ಚಿಲ್ಲ. ಹಾಗಾಗಿ ಆ್ಯಪ್ ಬೇಕೋ ಬೇಡವೋ ಎಂಬುದಕ್ಕಿಂತ, ಈ ದಾರಿಗಳ ಮೂಲಕ ಒಂದೇ ಏಟಿಗೆ ಎಷ್ಟು ಹಣ ಕೈಗೆ ಸಿಗುತ್ತದೆ ಎಂಬ ಲೆಕ್ಕ ಮುಖ್ಯ. ಈಗ ಅವರ ವಿಷಯದಲ್ಲಿ ಆ ಲೆಕ್ಕ ‘ಎಲ್ಲವೂ’ ಎಂದಾಗುತ್ತದೆ. ಮೊದಲು ಬದಲಾಗಬೇಕಾದದ್ದು ಅದು.

ಆಧಾರ್ ದಾರಿಯನ್ನೇ ನೋಡಿ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಸಾಕು. ಕಾರ್ಡ್ ಬೇಡ, ಪಿನ್ ಬೇಡ, ಒಟಿಪಿ ಬೇಡ. ತೋಟದ ಕೂಲಿಯವರಿಗೆ, ದೂರದ ಅಸ್ಸಾಂ, ಜಾರ್ಖಂಡ್‌ಗಳಿಂದ ಬಂದವರಿಗೆ, ಇದೊಂದು ವರದಾನ. ಬ್ಯಾಂಕಿಗೆ ಅರ್ಧ ದಿನ ಅಲೆಯದೆ ಊರಿನ ಅಂಗಡಿಯಲ್ಲೇ ಒಂದು ಬಾರಿಗೆ 10,000 ರೂಪಾಯಿಯವರೆಗೆ ತೆಗೆಯಬಹುದು. ಆದರೆ 2023ರಲ್ಲಿ ಬೆಂಗಳೂರಿನ ಹಲವರ ಖಾತೆಗಳಿಂದ ಅವರಿಗೆ ಗೊತ್ತಿಲ್ಲದೆ ಇದೇ ರೀತಿಯಲ್ಲಿ ಹಣ ಹೋಯಿತು. ಆಸ್ತಿ ನೋಂದಣಿಯ ಕಾವೇರಿ ತಂತ್ರಾಂಶದಿಂದ ಪಡೆದ ಕ್ರಯಪತ್ರಗಳ ಪ್ರತಿಯಲ್ಲಿದ್ದ ಹೆಬ್ಬೆಟ್ಟಿನ ಗುರುತು ಮತ್ತು ಆಧಾರ್ ಸಂಖ್ಯೆಯನ್ನು ವಂಚಕರು ಬಳಸಿಕೊಂಡರೆಂಬ ಶಂಕೆ ತನಿಖೆಯಲ್ಲಿ ಎದ್ದಿತು. ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮಕ್ಕೆ ಇಲಾಖೆ ಮುಂದಾದದ್ದು ಆ ಬಳಿಕ. ಆಧಾರ್ ಪ್ರಾಧಿಕಾರವೂ ಅದೇ ವರ್ಷ ಬೆರಳು ನಿಜವಾದದ್ದೇ, ಅಚ್ಚೇ ಎಂದು ಪರೀಕ್ಷಿಸುವ ವ್ಯವಸ್ಥೆ ತಂದಿದೆ. ಆದರೂ ತೋಟದ ವಿಭಾಗಪತ್ರ, ಸಾಲದ ಅಡಮಾನ ಪತ್ರ, ಪಹಣಿ ತಿದ್ದುಪಡಿಯ ಅರ್ಜಿ ಎಂದು ಜೀವಮಾನವಿಡೀ ಹೆಬ್ಬೆಟ್ಟು ಒತ್ತುತ್ತಾ, ಆಧಾರ್ ಜೆರಾಕ್ಸ್ ಕೊಡುತ್ತಾ ಬಂದ ಒಬ್ಬ ಬೆಳೆಗಾರರ ಗುರುತು ಎಷ್ಟು ಕಡತಗಳಲ್ಲಿದೆ ಎಂದು ಯೋಚಿಸಿ. ಸ್ಮಾರ್ಟ್‌ಫೋನ್ ಮುಟ್ಟದ ನಿಮ್ಮ ತಂದೆ ಈ ವಿಷಯದಲ್ಲಿ ನಿಮಗಿಂತ ಹೆಚ್ಚು ತೆರೆದುಕೊಂಡಿದ್ದಾರೆ.

ಇದಕ್ಕೆ ಮದ್ದು ಸುಲಭ, ಖರ್ಚೂ ಇಲ್ಲ. ಮೈಆಧಾರ್ ಜಾಲತಾಣದಲ್ಲಿ ಅಥವಾ ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಒಟಿಪಿ ಆಧಾರ್‌ಗೆ ಜೋಡಿಸಿದ ಸಂಖ್ಯೆಗೆ ಬರುವುದರಿಂದ ನೀವು ಊರಿಗೆ ಹೋದಾಗ ಅವರ ಪಕ್ಕದಲ್ಲೇ ಕೂತು ಮಾಡುವುದು ಲೇಸು. ಲಾಕ್ ಆದ ಮೇಲೆ ಯಾರೇ ಅವರ ಬೆರಳಚ್ಚು ಪರಿಶೀಲನೆಗೆ ಕಳಿಸಿದರೂ 330 ಎಂಬ ದೋಷಸಂಖ್ಯೆ ಬಂದು ವಹಿವಾಟು ನಿಲ್ಲುತ್ತದೆ. ಒಂದು ತೊಡಕೂ ಇದೆ: ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಕೊಟ್ಟರೂ ಅದೇ 330 ಬರುತ್ತದೆ. ಆಗ ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಬೇಕು, ಇಲ್ಲವೇ ಪಡಿತರವನ್ನು ಮನೆಯ ಬೇರೊಬ್ಬ ಸದಸ್ಯರ ಬೆರಳಿನಲ್ಲಿ ಪಡೆಯಬೇಕು. (ಕಾಫಿ ಕೊಯ್ದು, ಮರ ಹತ್ತಿ ಸವೆದ ಬೆರಳುಗಳನ್ನು ಆ ಯಂತ್ರ ಮೊದಲೇ ಸುಲಭವಾಗಿ ಒಪ್ಪುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ.) ಪಿಎಂ ಕಿಸಾನ್‌ನಂತಹ ನೇರ ಜಮೆಗೆ ಈ ಲಾಕ್‌ನಿಂದ ಯಾವ ಅಡ್ಡಿಯೂ ಇಲ್ಲ; ಹಣ ಒಳಗೆ ಬರಲು ಬೆರಳು ಬೇಕಿಲ್ಲ.

ಎರಡನೆಯ ದಾರಿ ಸಿಮ್. ಯುಪಿಐ ನೋಂದಣಿಗೆ ಬ್ಯಾಂಕಿಗೆ ಕೊಟ್ಟ ಸಂಖ್ಯೆಯ ಸಿಮ್ ಫೋನಿನಲ್ಲಿರಬೇಕು, ಆಮೇಲೆ ಡೆಬಿಟ್ ಕಾರ್ಡ್‌ನ ಕೊನೆಯ ಆರು ಅಂಕಿ ಮತ್ತು ಅವಧಿ, ಇಲ್ಲವೇ ಆಧಾರ್ ಒಟಿಪಿ. ಅಂದರೆ ಕೀಪ್ಯಾಡ್ ಫೋನಿನ ಸಿಮ್ ಅನ್ನು ಹೊರತೆಗೆದು ಬೇರೆ ಫೋನಿಗೆ ಹಾಕಿದವನು, ಪಕ್ಕದಲ್ಲೇ ಕಾರ್ಡ್ ಸಿಕ್ಕರೆ, ನಿಮ್ಮ ತಂದೆಯ ಹೆಸರಿನಲ್ಲಿ ಯುಪಿಐ ತೆರೆಯಬಹುದು. ಇದನ್ನು ಮಾಡುವವರು ದೂರದ ಹ್ಯಾಕರ್‌ಗಳೇ ಆಗಬೇಕಿಲ್ಲ. ಮನೆಗೆ ಬಂದು ಹೋಗುವವರೂ ಆಗಬಹುದು. ಕೀಪ್ಯಾಡ್ ಫೋನಿನಲ್ಲೂ ಸಿಮ್ ಪಿನ್ ಹಾಕುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿರುತ್ತದೆ. ಅದನ್ನು ಹಾಕಿದರೆ ಸಿಮ್ ಬೇರೆ ಫೋನಿನಲ್ಲಿ ಪಿನ್ ಇಲ್ಲದೆ ಕೆಲಸ ಮಾಡುವುದಿಲ್ಲ. ಮೂರು ಬಾರಿ ತಪ್ಪು ಒತ್ತಿದರೆ ಪಿಯುಕೆ (ಸಿಮ್ ಬಿಡಿಸುವ ಸಂಖ್ಯೆ) ಕೇಳುತ್ತದೆ, ಅದನ್ನು ಬರೆದಿಡಿ.

ನಿಮ್ಮ ಸಂಖ್ಯೆಗೆ ವಂಚಕ ಹೊಸ ಸಿಮ್ ಪಡೆದು ನಿಮ್ಮ ಸಿಮ್ ನಿಂತುಹೋಗುವಂತೆ ಮಾಡುವ ವಂಚನೆಯ ಬಗ್ಗೆ ಎಲ್ಲರೂ ಹೇಳುವ ಎಚ್ಚರಿಕೆ ಒಂದಿದೆ: ಫೋನಿನಲ್ಲಿ ಇದ್ದಕ್ಕಿದ್ದಂತೆ ನೆಟ್‌ವರ್ಕ್ ಹೋದರೆ ಅನುಮಾನಿಸಿ. ಈ ಮಾತು ಬರೆದವರು ಮಲೆನಾಡಿನಲ್ಲಿ ಒಂದು ಮಳೆಗಾಲ ಕಳೆದವರಲ್ಲ. ಗಾಳಿ ಬೀಸಿದರೆ ವಿದ್ಯುತ್ ಇಲ್ಲ, ವಿದ್ಯುತ್ ಹೋಗಿ ಜನರೇಟರಿನ ಡೀಸೆಲ್ ಮುಗಿದರೆ ಟವರ್ ಇಲ್ಲ. ಬಾಳೂರು, ಕೊಟ್ಟಿಗೆಹಾರದ ಕಡೆ ನೆಟ್‌ವರ್ಕ್ ಹೋಯಿತೆಂದು ಗಾಬರಿಯಾಗುತ್ತಾ ಕೂತರೆ ಬೇರೆ ಕೆಲಸವೇ ಆಗದು. ನಿಮ್ಮಲ್ಲಿ ನೋಡಬೇಕಾದದ್ದು ಬೇರೆ: ಅದೇ ಜಾಗದಲ್ಲಿ, ಅದೇ ಕಂಪನಿಯ ಇನ್ನೊಂದು ಸಿಮ್‌ಗೆ ಸಿಗ್ನಲ್ ಇದ್ದು ಅಪ್ಪನ ಫೋನಿಗೆ ಮಾತ್ರ ಇಲ್ಲದಿದ್ದರೆ, ಪೇಟೆಗೆ ಹೋದಾಗಲೂ ಅದು ಬರದಿದ್ದರೆ, ಆಗ ಅನುಮಾನಿಸಿ, ಕೂಡಲೇ ಬ್ಯಾಂಕಿಗೆ ತಿಳಿಸಿ ಖಾತೆಯ ಡಿಜಿಟಲ್ ವಹಿವಾಟು ನಿಲ್ಲಿಸಿ. ಇನ್ನೊಂದು ವಿಷಯ. ಟವರ್ ಸಿಗದ ತೋಟದ ಮನೆಯಲ್ಲಿ ಹಣ ಕಡಿತದ ಎಸ್‌ಎಂಎಸ್ ಗಂಟೆಗಟ್ಟಲೆ ತಡವಾಗಿ ಬರುತ್ತದೆ; ವಾಟ್ಸ್‌ಆ್ಯಪ್ ಮಾತ್ರ ಮನೆಯ ವೈಫೈನಲ್ಲಿ ತಕ್ಷಣ ಬರುತ್ತದೆ. ವಂಚಕನ ಕಡತ ಕೂಡಲೇ ತಲುಪುತ್ತದೆ, ಬ್ಯಾಂಕಿನ ಎಚ್ಚರಿಕೆ ತಲುಪುವುದಿಲ್ಲ ಎಂಬ ವಿಚಿತ್ರ ಸ್ಥಿತಿ ಇದು. ಅದಕ್ಕಾಗಿಯೇ ತಂದೆಯ ಖಾತೆಗೆ ನಿಮ್ಮ ಇಮೇಲ್ ವಿಳಾಸವನ್ನು ಎಚ್ಚರಿಕೆಗಾಗಿ ನೋಂದಾಯಿಸಿ. ಬೆಂಗಳೂರಿನಲ್ಲಿ ಕೂತ ನೀವು ಅವರಿಗಿಂತ ಮೊದಲು ನೋಡುತ್ತೀರಿ.

ಈಗ ನೆರೆಯವರ ಕಥೆಗೆ ಬರೋಣ. ಆ ‘ಪಟ್ಟಿ’ ಪಟ್ಟಿಯೇ ಆಗಿರಲಿಲ್ಲ. ಹೆಸರಿನ ಕೊನೆಗೆ ಎಪಿಕೆ ಎಂಬ ಮೂರು ಅಕ್ಷರಗಳಿರುವ ಕಡತ, ಅಂದರೆ ಪ್ಲೇ ಸ್ಟೋರ್‌ನ ಹೊರಗಿನಿಂದ ಬಂದ ಒಂದು ಆ್ಯಪ್. ತೆರೆದೊಡನೆ ಫೋನ್ ‘ಅಪರಿಚಿತ ಮೂಲದಿಂದ ಅಳವಡಿಸಲು ಅನುಮತಿ ಕೊಡುತ್ತೀರಾ’ ಎಂದು ಕೇಳುತ್ತದೆ. ಹೌದು ಎಂದರೆ ಆ್ಯಪ್ ಕೂರುತ್ತದೆ, ಆಮೇಲೆ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಅದಕ್ಕೂ ಹೌದು ಎಂದರೆ ಮುಗಿಯಿತು. ಸರ್ಕಾರಿ ಲಾಂಛನವಿರುವ ಒಂದು ಪುಟ ತೆರೆದು ಆಧಾರ್, ಖಾತೆ ಸಂಖ್ಯೆ, ಕಾರ್ಡ್ ವಿವರ ತುಂಬಲು ಹೇಳುತ್ತದೆ. ಕೆಲವೊಮ್ಮೆ ಆ್ಯಪ್‌ನ ಗುರುತೇ ಪರದೆಯಿಂದ ಮಾಯವಾಗುತ್ತದೆ. ಅಲ್ಲಿಂದ ಮುಂದೆ ಬಂದ ಪ್ರತಿ ಒಟಿಪಿಯೂ ಫೋನಿನ ಒಡೆಯ ನೋಡುವ ಮೊದಲೇ ಎಲ್ಲೋ ಕೂತ ಒಬ್ಬನಿಗೆ ರವಾನೆಯಾಗುತ್ತಿರುತ್ತದೆ. ಜೊತೆಗೆ ವಾಟ್ಸ್‌ಆ್ಯಪ್ ಖಾತೆಯೂ ಅವನ ಕೈಗೆ ಹೋಗುವುದುಂಟು, ಆಗ ಅದೇ ಕಡತ ಅವರ ಸಂಪರ್ಕದಲ್ಲಿರುವ ಎಲ್ಲರಿಗೂ ಅವರದೇ ಹೆಸರಿನಲ್ಲಿ ಹೋಗುತ್ತದೆ. ‘ನಮ್ಮ ಬೆಳೆಗಾರರ ಗುಂಪಿನಲ್ಲಿ, ಪರಿಚಯದವರ ನಂಬರಿನಿಂದಲೇ ಬಂತಲ್ಲ’ ಎಂದು ಎಲ್ಲರೂ ಹೇಳುವುದು ಇದಕ್ಕೇ. ಪರಿಚಯದ ನಂಬರ್ ಇಲ್ಲಿ ಭರವಸೆಯಲ್ಲ.

ಮದುವೆ ಕರೆಯೋಲೆ, ಸಂಚಾರ ದಂಡದ ಚಲನ್, ವಿದ್ಯುತ್ ಬಿಲ್ ಹೀಗೆ ಹೆಸರು ಬದಲಾಗುತ್ತಿರುತ್ತದೆ. ನಿಮ್ಮ ಜಿಲ್ಲೆಯಲ್ಲಿ ಸುಲಭವಾಗಿ ನಂಬಿಸಬಹುದಾದ ಇನ್ನೊಂದು ನೆಪವೂ ಇದೆ: ಬ್ಯಾಂಕ್ ವಿಲೀನ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್, 2025ರ ಮೇ 1ರಂದು ಗ್ರಾಮೀಣ ಬ್ಯಾಂಕುಗಳು. ಮಲೆನಾಡಿನ ಹಿರಿಯರ ಪಾಸ್‌ಬುಕ್ ಮೇಲೆ ಹೆಸರು ಬದಲಾಗುತ್ತಲೇ ಬಂದಿದೆ. ‘ಬ್ಯಾಂಕ್ ವಿಲೀನವಾಗಿದೆ, ಕೆವೈಸಿ ಮಾಡಿಸದಿದ್ದರೆ ಖಾತೆ ಸ್ಥಗಿತ’ ಎಂಬ ಕರೆ ಅವರಿಗೆ ಸುಳ್ಳೆನಿಸುವುದೇ ಇಲ್ಲ. ಈಗ ಬ್ಯಾಂಕುಗಳ ಜಾಲತಾಣದ ವಿಳಾಸ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯಬೇಕು ಎಂಬ ನಿಯಮವನ್ನು ರಿಸರ್ವ್ ಬ್ಯಾಂಕ್ ತಂದಿದೆ; ಸೇವೆಗೆ ಸಂಬಂಧಿಸಿದ ಕರೆಗಳಿಗೆ 1600ರಿಂದ ಆರಂಭವಾಗುವ ಸಂಖ್ಯೆಯನ್ನು ಮೀಸಲಿಡಲಾಗಿದೆ. ಸಾಮಾನ್ಯ ಹತ್ತಂಕಿಯ ಮೊಬೈಲ್‌ನಿಂದ ಕರೆ ಮಾಡಿ ‘ಬ್ಯಾಂಕಿನಿಂದ’ ಎನ್ನುವವರಿಗೆ ಉತ್ತರ ಒಂದೇ: ‘ನಾಳೆ ಶಾಖೆಗೆ ಬರುತ್ತೇನೆ.’

ಹಣವನ್ನು ಹೇಗೆ ಇಡಬೇಕು? ತೋಟದಲ್ಲಿ ವಾರದ ಕೂಲಿ ಬಟವಾಡೆಗೆ ಬೇಕಾದಷ್ಟನ್ನೇ ಬ್ಯಾಂಕಿನಿಂದ ತಂದು, ಉಳಿದದ್ದನ್ನು ಅಲ್ಲೇ ಬಿಡುವ ರೂಢಿ ನಿಮ್ಮ ತಂದೆಗೆ ಹೊಸದಲ್ಲ. ಅದನ್ನೇ ಖಾತೆಗಳಿಗೂ ಅನ್ವಯಿಸಿ. ಒಂದು ಬಟವಾಡೆ ಖಾತೆ: ಒಂದೆರಡು ತಿಂಗಳ ಖರ್ಚಿನಷ್ಟು ಹಣ, ಯುಪಿಐ, ಕಾರ್ಡ್ ಏನು ಬೇಕಾದರೂ ಇರಲಿ. ಇನ್ನೊಂದು ಬೇರೆ ಬ್ಯಾಂಕಿನಲ್ಲಿ, ಕಾಫಿ ಮತ್ತು ಮೆಣಸಿನ ಹಣ ಬಂದು ಬೀಳುವ ಖಾತೆ: ಕಾರ್ಡ್ ಇಲ್ಲ, ನೆಟ್ ಬ್ಯಾಂಕಿಂಗ್ ಇಲ್ಲ, ಯುಪಿಐ ನೋಂದಣಿ ಇಲ್ಲ. ಅಲ್ಲಿಂದ ಇಲ್ಲಿಗೆ ಹಣ ತರಲು ಶಾಖೆಗೆ ಹೋಗಿ ಚೆಕ್ ಬರೆಯಲಿ. ಜನವರಿಯಿಂದ ಮಾರ್ಚ್‌ವರೆಗೆ, ಬೆಳೆ ಮಾರಿ ಖಾತೆ ತುಂಬಿರುವಾಗ, ಈ ವಿಂಗಡಣೆಯ ಬೆಲೆ ಗೊತ್ತಾಗುತ್ತದೆ. ಠೇವಣಿ ಸುರಕ್ಷಿತ ಎಂದು ಅನೇಕರು ತಿಳಿದಿದ್ದಾರೆ. ಆದರೆ ಅದೇ ಬ್ಯಾಂಕಿನ ಆ್ಯಪ್ ಒಳಗೆ ನುಗ್ಗಿದವನು ಠೇವಣಿಯನ್ನು ಮುರಿಯಬಹುದು, ಅದರ ಮೇಲೆ ಸಾಲವಾಗಿ ಓವರ್‌ಡ್ರಾಫ್ಟ್ ತೆಗೆಯಲೂಬಹುದು. ಹಾಗಾಗಿ ಠೇವಣಿಯೂ ಆ ಎರಡನೆಯ ಬ್ಯಾಂಕಿನಲ್ಲಿರಲಿ. ಅಲ್ಲಿಯೂ ಆಧಾರ್ ಮೂಲಕ ಹಣ ತೆಗೆಯುವ ಸೌಲಭ್ಯ ಬೇಡವೆಂದು ಶಾಖೆಗೆ ಲಿಖಿತವಾಗಿ ಕೊಡಿ. ಬಟವಾಡೆ ಖಾತೆಯ ಕಾರ್ಡ್‌ನಲ್ಲಿ ವಿದೇಶಿ ಮತ್ತು ಆನ್‌ಲೈನ್ ವಹಿವಾಟನ್ನು ಬಂದ್ ಮಾಡಿಸಿ. 2020ರಿಂದ ಈ ಆಯ್ಕೆ ಕಾರ್ಡ್ ಇರುವ ಎಲ್ಲರಿಗೂ ಇದೆ.

ಶಾಖೆಗೆ ಹೋಗಿಯೇ ವಹಿವಾಟು ಮಾಡಿದರೆ ಸಾಕೇ ಎಂದರೆ ಅದೂ ಇಲ್ಲ. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ದಿನಗಟ್ಟಲೆ ವಿಡಿಯೊ ಕರೆಯಲ್ಲಿ ಹಿಡಿದಿಟ್ಟು ವಂಚಿಸುವವರ ಬಲೆಗೆ ಬಿದ್ದ ಎಷ್ಟೋ ಹಿರಿಯರು ಸ್ವತಃ ಬ್ಯಾಂಕಿಗೆ ನಡೆದುಕೊಂಡು ಹೋಗಿ, ಠೇವಣಿ ಮುರಿಸಿ, ಕೈಯಾರೆ ದೊಡ್ಡ ಮೊತ್ತ ವರ್ಗಾಯಿಸುವ ಆರ್‌ಟಿಜಿಎಸ್ ಚೀಟಿ ತುಂಬಿದ್ದಾರೆ. ಭಾರತದ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ಬಾನುಲಿ ಭಾಷಣದಲ್ಲಿ ಇದನ್ನು ಹೇಳಬೇಕಾಗಿ ಬಂತು. ಇಂಥದ್ದಕ್ಕೆ ಆ್ಯಪ್ ತೆಗೆಸುವುದು ಮದ್ದಲ್ಲ. ದೊಡ್ಡ ಠೇವಣಿಯನ್ನು ತಂದೆ ಮತ್ತು ನೀವು ಜಂಟಿಯಾಗಿ, ಇಬ್ಬರ ಸಹಿಯೂ ಬೇಕಾಗುವಂತೆ ಇಟ್ಟರೆ ಒಬ್ಬರ ಗಾಬರಿಯಿಂದ ಹಣ ಹೊರಗೆ ಹೋಗುವುದಿಲ್ಲ. ಇದಕ್ಕೊಂದು ಬೆಲೆ ಇದೆ: ಒಬ್ಬರು ತೀರಿಕೊಂಡರೆ ಉಳಿದವರಿಗೆ ಕಾಗದಪತ್ರದ ಓಡಾಟ ಹೆಚ್ಚು. 71ರ ವಯಸ್ಸಿನಲ್ಲಿ ಎರಡನ್ನೂ ತೂಗಿ ನೋಡಬೇಕು. ನನ್ನನ್ನು ಕೇಳಿದರೆ, ಎಲ್ಲವನ್ನೂ ಹಾಗೆ ಇಡಬೇಡಿ, ದೊಡ್ಡ ಒಂದನ್ನು ಇಡಿ.

ತಾಯಿಯವರ ಹೋಂಸ್ಟೇ ಖಾತೆಯ ಬಗ್ಗೆ ಎರಡು ಮಾತು ಸಾಕು. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ‘ಸೇನೆಯಲ್ಲಿದ್ದೇನೆ, ನಾಲ್ಕು ಕುಟುಂಬ ಬರುತ್ತೇವೆ, ಮುಂಗಡಕ್ಕೆ ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಎನ್ನುವವನು ಅತಿಥಿಯಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಕಲೆಕ್ಟ್ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ಯುಪಿಐನಲ್ಲಿ ನಿಲ್ಲಿಸಲಾಗಿದೆ, ಆದರೆ ಕ್ಯೂಆರ್ ನೆಪ ಉಳಿದಿದೆ. ಇನ್ನೊಂದು: ಹೆಚ್ಚು ಹಣ ಹಾಕಿಬಿಟ್ಟೆ, ವಾಪಸ್ ಬೇರೆ ಖಾತೆಗೆ ಕಳಿಸಿ ಎಂದರೆ ಕಳಿಸಬಾರದು. ಬಂದ ಹಣ ಇನ್ನಾರದೋ ಕದ್ದ ಹಣವಾಗಿದ್ದರೆ ತಾಯಿಯ ಖಾತೆಯೇ ಪೊಲೀಸ್ ಕೋರಿಕೆಯ ಮೇಲೆ ತಡೆಹಿಡಿಯಲ್ಪಡುತ್ತದೆ, ಬಿಡಿಸಿಕೊಳ್ಳಲು ತಿಂಗಳುಗಳೇ ಬೇಕಾಗಬಹುದು.

ಇಷ್ಟೆಲ್ಲ ಮಾಡಿಯೂ ಹಣ ಹೋದರೆ? ಮೊದಲ ಕೆಲಸ, ಆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಆರಿಸಿ, ಸಿಮ್ ತೆಗೆಯುವುದು. ಇಲ್ಲವಾದರೆ ಮುಂದಿನ ಒಟಿಪಿಗಳೂ ಸೋರುತ್ತವೆ. ಎರಡನೆಯದು, ಬೇರೆ ಫೋನಿನಿಂದ 1930ಕ್ಕೆ ಕರೆ. ಇದು ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರದ ವ್ಯವಸ್ಥೆ. ನಿಮ್ಮ ದೂರು ಬ್ಯಾಂಕಿನಿಂದ ಬ್ಯಾಂಕಿಗೆ ಹಣದ ಬೆನ್ನು ಹತ್ತಿ ಹೋಗುತ್ತದೆ, ಅದು ಇನ್ನೂ ನಿಂತಿರುವ ಖಾತೆಯಲ್ಲಿ ತಡೆ ಹಾಕಲಾಗುತ್ತದೆ. ವಂಚಕರು ಹಣವನ್ನು ಬಾಡಿಗೆ ಖಾತೆಗಳ ಮೂಲಕ ನಿಮಿಷಗಳಲ್ಲಿ ದಾಟಿಸುವುದರಿಂದ ಮೊದಲ ಗಂಟೆ ಸಿಕ್ಕರೆ ಹಣ ಸಿಗುವ ಸಾಧ್ಯತೆ ಹೆಚ್ಚು, ಮರುದಿನಕ್ಕೆ ಬಹಳ ಕಡಿಮೆ. ಕರೆ ಮಾಡುವಾಗ ವಹಿವಾಟಿನ ಉಲ್ಲೇಖ ಸಂಖ್ಯೆ, ಮೊತ್ತ, ಸಮಯ ಕೈಯಲ್ಲಿರಲಿ. ಆಮೇಲೆ ಬ್ಯಾಂಕಿನ ಸಹಾಯವಾಣಿ, ನಂತರ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್, ನಂತರ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ. ಚಿಕ್ಕಮಗಳೂರಿನಲ್ಲೂ ಹಾಸನದಲ್ಲೂ ಇದೆ. ಫೋನನ್ನು ರೀಸೆಟ್ ಮಾಡುವ ಆತುರ ಬೇಡ, ಆ ಕಡತವೇ ಸಾಕ್ಷ್ಯ.

‘ಒಟಿಪಿ ಕೊಟ್ಟಿದ್ದು ನೀವೇ’ ಎಂಬ ಬ್ಯಾಂಕಿನ ಮಾತನ್ನು ನೆರೆಯವರು ಅಲ್ಲಿಗೇ ಬಿಡಬಾರದು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಈ ಪ್ರಶ್ನೆಗೆಂದೇ ಬಂದದ್ದು. ಬ್ಯಾಂಕಿನ ಲೋಪವಾಗಿದ್ದರೆ ಗ್ರಾಹಕನ ಹೊಣೆ ಸೊನ್ನೆ. ಇಬ್ಬರ ತಪ್ಪೂ ಇಲ್ಲದೆ ವ್ಯವಸ್ಥೆಯ ಬೇರೆಡೆ ಸೋರಿಕೆಯಾಗಿದ್ದರೆ, ಬ್ಯಾಂಕಿನ ಸೂಚನೆ ತಲುಪಿದ ನಂತರ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೂ ಸೊನ್ನೆ. ನಾಲ್ಕರಿಂದ ಏಳು ದಿನಗಳಾದರೆ ಸಾಮಾನ್ಯ ಉಳಿತಾಯ ಖಾತೆಯಲ್ಲಿ ಗರಿಷ್ಠ 10,000 ರೂಪಾಯಿ. ಗ್ರಾಹಕನ ಅಜಾಗರೂಕತೆಯೇ ಕಾರಣವಾದರೆ, ದೂರು ಕೊಡುವವರೆಗಿನ ನಷ್ಟ ಅವನದು, ದೂರು ಕೊಟ್ಟ ನಂತರದ್ದು ಬ್ಯಾಂಕಿನದು. ಬಹಳ ಜನರಿಗೆ ಗೊತ್ತಿಲ್ಲದ ಸಾಲು ಇನ್ನೊಂದಿದೆ: ಹೊಣೆ ಗ್ರಾಹಕನದೆಂದು ಸಾಬೀತು ಮಾಡಬೇಕಾದ ಭಾರ ಬ್ಯಾಂಕಿನ ಮೇಲಿದೆ. ಕೌಂಟರ್‌ನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಸಾಬೀತಾಗುವುದಿಲ್ಲ. ನೆರೆಯವರ ಪೂರ್ತಿ ಹಣ ಬರುತ್ತದೆ ಎಂದು ನಾನು ಆಸೆ ಹುಟ್ಟಿಸುವುದಿಲ್ಲ. ಆ್ಯಪ್ ಅಳವಡಿಸಿ ಕಾರ್ಡ್ ವಿವರ ತುಂಬಿದ್ದನ್ನು ಬ್ಯಾಂಕ್ ಅಜಾಗರೂಕತೆ ಎಂದೇ ವಾದಿಸುತ್ತದೆ. ಆದರೆ ಅವರು ಒಟಿಪಿಯನ್ನು ಯಾರಿಗೂ ಹೇಳಿಲ್ಲ, ಅದನ್ನು ಆ್ಯಪ್ ಕದ್ದಿದೆ. ಇದು ದೂರಿನಲ್ಲಿ ಸ್ಪಷ್ಟವಾಗಿ ಇರಬೇಕು. ಎಂದೂ ಹೀಗೆ ವಹಿವಾಟು ನಡೆಸದ ಖಾತೆಯಲ್ಲಿ ಒಂದೇ ರಾತ್ರಿ ಎಲ್ಲವೂ ಖಾಲಿಯಾಗುವಾಗ ಬ್ಯಾಂಕಿನ ನಿಗಾ ವ್ಯವಸ್ಥೆ ಏನು ಮಾಡುತ್ತಿತ್ತು, ಎಸ್‌ಎಂಎಸ್ ಕಳಿಸಿದ ದಾಖಲೆ ಎಲ್ಲಿ, ಹೊಸ ಸಾಧನದಿಂದ ಲಾಗಿನ್ ಆದದ್ದು ಯಾವಾಗ ಎಂಬುದನ್ನೂ ಬರವಣಿಗೆಯಲ್ಲಿ ಕೇಳಬೇಕು.

ದೂರಿಗೆ ಸ್ವೀಕೃತಿ ಸಂಖ್ಯೆ ಪಡೆಯಲಿ. ಮೂವತ್ತು ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ಆಲಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಅವರ ಹಣ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿದ್ದರೆ ಮಾತ್ರ ಈ ಯಾವುದೂ ಅನ್ವಯಿಸದು. ಅದು ಬ್ಯಾಂಕ್ ಅಲ್ಲ; ಅಲ್ಲಿನ ತಕರಾರು ಸಹಕಾರ ಇಲಾಖೆಗೆ ಹೋಗಬೇಕು. ಐದು ಲಕ್ಷ ರೂಪಾಯಿಯ ಠೇವಣಿ ವಿಮೆಯನ್ನು ಕೆಲವರು ಇಲ್ಲಿ ನೆನೆಯುತ್ತಾರೆ. ಅದು ಬ್ಯಾಂಕ್ ಮುಳುಗಿದಾಗಿನ ಮಾತು, ವಂಚನೆಗೆ ಸಂಬಂಧವಿಲ್ಲ.

ಬ್ಯಾಂಕಿನ ಒಳಗೇ ಕನ್ನ ಬಿದ್ದರೆ ಎಂಬುದು ನಿಮ್ಮ ತಂದೆ ಕೇಳಬಹುದಾದ ಮುಂದಿನ ಪ್ರಶ್ನೆ. ಬಿದ್ದದ್ದುಂಟು: 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋಯಿತು, 2024ರ ಜುಲೈ ಕೊನೆಯಲ್ಲಿ ತಂತ್ರಜ್ಞಾನ ಸೇವಾ ಸಂಸ್ಥೆಯೊಂದಕ್ಕೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಡಿದು ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ತಾತ್ಕಾಲಿಕವಾಗಿ ನಿಂತಿತು. ಅಂಥ ನಷ್ಟ ಬ್ಯಾಂಕಿನ ತಲೆಯ ಮೇಲಿನದು, ಠೇವಣಿದಾರರದಲ್ಲ. ಎರಡು ಬ್ಯಾಂಕುಗಳಲ್ಲಿ ಖಾತೆ ಇದ್ದರೆ ಸೇವೆ ನಿಂತ ದಿನ ಶನಿವಾರದ ಬಟವಾಡೆಗೂ ತೊಂದರೆಯಾಗುವುದಿಲ್ಲ. ತಂದೆಯವರನ್ನು ಒಪ್ಪಿಸಲು ನೀವು ಅಲ್ಲಿಂದಲೇ ಮಾತು ಶುರು ಮಾಡಬಹುದು.